ಅಗ್ಗದ ವಸತಿಯಲ್ಲಿ ಎರಡು ರಾತ್ರಿ

ಹಿಂದೆ ನಮ್ಮ ಹೋಟೆಲಿನಲ್ಲಿ ಹನ್ನೊಂದು ವರ್ಷ ಅಡುಗೆ ಮಾಡಿದ್ದ ಭಟ್ಟರೊಬ್ಬರು ಕೆಲವು ತಿಂಗಳ ಕೆಳಗೆ ಒಂದು ಅಪರಾಹ್ನ ನಮ್ಮ ಕಚೇರಿಗೆ ಬಂದಿದ್ದರು. ಕುಂದಾಪುರದ ಕಡೆಯವರು. ಅವರ ಮಗ ಊರಿನಲ್ಲಿ ಬಿ.ಕಾಂ. ಮುಗಿಸಿದ್ದು, ಅಂಧೇರಿಯ ಒಂದು ಕಂಪೆನಿಯಿಂದ ಗುಮಾಸ್ತೆಯ ಕೆಲಸದ ಸಂದರ್ಶನಕ್ಕೆ ಅವನಿಗೆ ಕರೆ ಬಂದಿತ್ತು. ಒಂದು ದಿನ ಸಂದರ್ಶನ, ಆಯ್ಕೆಯಾದರೆ ಮರುದಿನವೇ ವೈದ್ಯಕೀಯ ಪರೀಕ್ಷೆ. ಎರಡು ರಾತ್ರಿ ಮುಂಬಯಿಯಲ್ಲಿ ಕಳೆಯಲೇಬೇಕು.

“ಧನಿ, ನಾನು ಈಗಿರುವ ಹೋಟೆಲಿನಲ್ಲಿ ಹೊರಗಿನವರನ್ನು ಮಲಗಿಸಲು ಬಿಡುವುದಿಲ್ಲ. ನಮ್ಮ ಖೋಲಿಯಲ್ಲಿ ಆಗಲೇ ಒಂಬತ್ತು ಮಂದಿ ಇದ್ದೇವೆ. ಲಾಡ್ಜಿಗೆ ಹಾಕುವಷ್ಟು ಶಕ್ತಿಯಿಲ್ಲ. ಏನೋ ಹಾಸ್ಟೆಲ್ ಅಂತ ಇದೆಯಂತೆ, ರಾತ್ರಿಗೆ ಆರುನೂರು ಏಳುನೂರು ಅಂತೆ. ಹುಡುಗ ಫೋನಿನಲ್ಲಿ ಚಿತ್ರ ಕಳಿಸಿದ್ದಾನೆ. ಒಂದೇ ಕೋಣೆಯಲ್ಲಿ ಹತ್ತು ಹನ್ನೆರಡು ಮಂದಿ, ಯಾರಿಗೆ ಯಾರೂ ಗುರುತಿಲ್ಲ. ಕಳಿಸಬಹುದೋ?” ಎಂದು ಕೇಳಿದರು.

ಈ ಪ್ರಶ್ನೆಗೆ ನಮ್ಮಲ್ಲಿ ಉತ್ತರವಿರಲಿಲ್ಲ. 1997ರಲ್ಲಿ, ಕೊಂಕಣ ರೈಲು ಇಡೀ ದಾರಿಗೆ ಓಡತೊಡಗುವುದಕ್ಕೆ ಮುಂಚಿನ ವರ್ಷ, ಎಸ್.ಎಸ್.ಎಲ್.ಸಿ. ಅಂಕಪಟ್ಟಿಯನ್ನು ಪೆಟ್ಟಿಗೆಯ ತಳದಲ್ಲಿಟ್ಟುಕೊಂಡು ಬಸ್ಸಿನಲ್ಲಿ ಈ ನಗರಕ್ಕೆ ಬಂದಿಳಿದ ನಮಗೆ ಇಂಥ ಪ್ರಶ್ನೆಯೇ ಹುಟ್ಟಿರಲಿಲ್ಲ. ಊರಿನವರ ಹೋಟೆಲಿತ್ತು. ರಾತ್ರಿ ಹನ್ನೊಂದೂವರೆಗೆ ಶಟರು ಎಳೆದ ಮೇಲೆ ಎರಡು ಮೇಜು ಜೋಡಿಸಿದರೆ ಅದೇ ಮಂಚ. ಮಡಿಸಿದ ಪಂಚೆಯೇ ತಲೆದಿಂಬು. ಬೆಳಗಿನ ನಾಲ್ಕಕ್ಕೆ ಇಡ್ಲಿ ಹಿಟ್ಟಿನ ಪಾತ್ರೆ ಸದ್ದು ಮಾಡಿದಾಗ ಎದ್ದರಾಯಿತು. ಊರಿನಿಂದ ಯಾರು ಬಂದರೂ, ಕೆಲಸ ಹುಡುಕಿಕೊಂಡಾಗಲಿ ಆಸ್ಪತ್ರೆಗಾಗಲಿ, ಅದೇ ಮೇಜಿನ ಸಾಲಿನಲ್ಲಿ ಅವರಿಗೂ ಒಂದು ಸ್ಥಳ ಸಿಗುತ್ತಿತ್ತು. ಆ ಏರ್ಪಾಡು ಈಗ ಬಹುಮಟ್ಟಿಗೆ ಹೋಗಿದೆ. ಏಕೆ ಹೋಯಿತೆಂಬುದರ ಒಂದು ಕಾರಣವನ್ನು ಮುಂದೆ ಹೇಳಲಿರುವೆವು.

ಭಟ್ಟರಿಗೆ ನಾಲ್ಕು ದಿನ ತಡೆಯಿರೆಂದು ಹೇಳಿ, ಅವರ ಮಗ ಚಿತ್ರ ಕಳಿಸಿದ್ದ ಅದೇ ಹಾಸ್ಟೆಲಿನಲ್ಲಿ ನಮ್ಮ ಹೆಸರಿಗೇ ಒಂದು ಹಾಸಿಗೆ ಹಿಡಿಸಿದೆವು. ಮನೆಯಲ್ಲಿ ನಕ್ಕರು. ಇದೇ ಊರಿನಲ್ಲಿ ಸ್ವಂತ ಮನೆಯಿದ್ದು, ಹಣ ಕೊಟ್ಟು ಇನ್ನೊಬ್ಬರ ಗೊರಕೆ ಕೇಳಲು ಹೋಗುವವರು ನೀವೊಬ್ಬರೇ ಎಂದರು. ಕೇಳಿದ್ದನ್ನು ಹೇಳುವುದಕ್ಕಿಂತ ಮಲಗಿ ನೋಡಿ ಹೇಳುವುದು ಲೇಸೆಂದು ನಾವು ಚಾದರ ಮಡಿಸಿಕೊಂಡು ಹೊರಟೆವು.

ಹಾಸ್ಟೆಲೆಂದರೆ ನಮ್ಮವರಿಗೆ ವಿದ್ಯಾರ್ಥಿನಿಲಯವೇ ನೆನಪಾಗುತ್ತದೆ. ಇದು ಆ ಬಗೆಯದಲ್ಲ. ಇಲ್ಲಿ ಬಾಡಿಗೆಗೆ ಸಿಗುವುದು ಕೋಣೆಯ ಬದಲಾಗಿ ಒಂದು ಹಾಸಿಗೆ ಮಾತ್ರ. ರೈಲುಡಬ್ಬಿಯಲ್ಲಿರುವಂತೆ ಕೆಳಗೊಂದು ಮೇಲೊಂದು ಮಂಚ, ಪ್ರತಿಯೊಂದಕ್ಕೂ ಒಂದು ಪರದೆ, ಒಂದು ಸಣ್ಣ ದೀಪ, ಫೋನಿಗೆ ವಿದ್ಯುತ್ತು ತುಂಬಿಸಲು ಒಂದು ಪ್ಲಗ್ಗು. ಸ್ನಾನ ಶೌಚಗಳೆಲ್ಲ ಹಂಚಿಕೊಂಡು.

ಈ ಪದ್ಧತಿಗೆ ನಾಂದಿ ಹಾಡಿದವನು ರಿಚರ್ಡ್ ಶಿರ್‌ಮನ್ ಎಂಬ ಒಬ್ಬ ಜರ್ಮನ್ ಶಾಲಾಮಾಸ್ತರ. 1909ರ ಆಗಸ್ಟ್ 26ರಂದು ಅವನು ತನ್ನ ಶಾಲೆಯ ಮಕ್ಕಳೊಡನೆ ಕಾಲ್ನಡಿಗೆಯ ಪ್ರವಾಸದಲ್ಲಿದ್ದಾಗ ಗುಡುಗು ಮಳೆ ಹಿಡಿದುಕೊಂಡಿತು. ಒಂದು ಹಳ್ಳಿಯ ಶಾಲೆಯ ಕೊಠಡಿಯಲ್ಲಿ, ಹುಲ್ಲು ಹಾಸಿಕೊಂಡು ಎಲ್ಲರೂ ರಾತ್ರಿ ಕಳೆದರು. ಹುಡುಗರು ನಿದ್ದೆ ಹೋದರು. ಮಾಸ್ತರನಿಗೆ ಮಾತ್ರ ನಿದ್ದೆ ಬರಲಿಲ್ಲ. ರಜೆಯಲ್ಲಿ ಬರಿದಾಗಿರುವ ಶಾಲೆಗಳಲ್ಲೆಲ್ಲ ಬಡ ಮಕ್ಕಳಿಗೆ ಹೀಗೆ ಮಲಗಲು ಸ್ಥಳ ಕೊಟ್ಟರೇನು ಎಂಬ ಯೋಚನೆ ಅವನನ್ನು ಹಿಡಿಯಿತು. 1912ರಲ್ಲಿ ಅಲ್ಟೇನಾ ಎಂಬಲ್ಲಿನ ಹಳೆಯ ಕೋಟೆಯೊಳಗೆ ಮೊದಲನೆಯ ಶಾಶ್ವತ ಯುವಕ ವಸತಿ ತೆರೆಯಿತು. ಅದರ ವಂಶದ ಕೂಸುಗಳೇ ಇಂದು ಅಂಧೇರಿಯಲ್ಲೂ ಕೊಲಾಬಾದಲ್ಲೂ ಕಾಣುವ ಈ ವಸತಿಗಳು. ಹುಲ್ಲಿನ ಸ್ಥಾನದಲ್ಲಿ ಫೋಮಿನ ಹಾಸಿಗೆ ಬಂದಿದೆ, ಅಷ್ಟೆ.

ಅಂಧೇರಿ ಪೂರ್ವದ ಒಂದು ಹಳೆಯ ಕಟ್ಟಡದ ಮೂರನೆಯ ಮಾಳಿಗೆಯಲ್ಲಿ ಗಲ್ಲೆಯ ಸ್ಥಾನದಲ್ಲಿದ್ದವನು ಇಪ್ಪತ್ತೆರಡರ ಒಬ್ಬ ತರುಣ. ಗುರುತಿನ ಚೀಟಿ ಕೇಳಿದ. ನಮ್ಮ ಆಧಾರಿನಲ್ಲಿ ಇನ್ನೂ ಊರಿನ ವಿಳಾಸವೇ ಇದ್ದುದರಿಂದ ಪಾರಾದೆವು. ಇದೇ ನಗರದ ವಿಳಾಸವಿರುವವರಿಗೆ ಹಾಸಿಗೆ ಕೊಡದ ಹಾಸ್ಟೆಲುಗಳು ಹಲವಿವೆ. ಮನೆಯಲ್ಲಿ ಜಗಳವಾಡಿ ಒಂದು ರಾತ್ರಿ ಹೊರಗಿರಬೇಕೆನ್ನುವ ಗುಮಾಸ್ತ ಬಂಧುಗಳು ಇದನ್ನು ಗಮನಿಸುವುದು. ಆಧಾರಿನ ಕೊನೆಯ ನಾಲ್ಕು ಅಂಕೆಗಳನ್ನಷ್ಟೇ ತೋರಿಸಿ ಉಳಿದುದನ್ನು ಮರೆಮಾಡಿದ ಪ್ರತಿಯೂ ಸರಕಾರದ ಜಾಲತಾಣದಲ್ಲಿ ದೊರೆಯುತ್ತದೆ. ಎಲ್ಲಿಯೇ ಆಗಲಿ ಮೊದಲು ಅದನ್ನು ಕೊಟ್ಟು ನೋಡುವುದು ಒಳ್ಳೆಯದು.

ಬಾಡಿಗೆ 650 ರೂಪಾಯಿ. ಬಿಲ್ಲಿನಲ್ಲಿ 682 ರೂಪಾಯಿ 50 ಪೈಸೆ. ಹೆಚ್ಚಿನದು ತೆರಿಗೆ. ದಿನಕ್ಕೆ ಸಾವಿರ ರೂಪಾಯಿವರೆಗಿನ ವಸತಿಗೆ 2022ರ ಜುಲೈ 18ರ ತನಕ ಜಿ.ಎಸ್.ಟಿ. ಇರಲಿಲ್ಲ. ಅಂದಿನಿಂದ ನೂರಕ್ಕೆ 12ರಂತೆ ಬಿತ್ತು; 2025ರ ಸೆಪ್ಟೆಂಬರ್ 22ರಿಂದ 5ಕ್ಕೆ ಇಳಿಯಿತು. ಇಳಿಸಿದ್ದು ಸರಿಯೇ. ಆದರೆ ಅರಮನೆಯಂಥ ಹೋಟೆಲಿನಲ್ಲಿ ಏಳು ಸಾವಿರಕ್ಕೆ ಮಲಗುವವನೂ ಆರುನೂರೈವತ್ತಕ್ಕೆ ಮೇಲಿನ ಮಂಚ ಹತ್ತುವವನೂ ತೆರಿಗೆಯ ಲೆಕ್ಕದಲ್ಲಿ ಸರಿಸಮಾನರಾದದ್ದು ನಮಗೆ ಅಷ್ಟು ಒಗ್ಗಲಿಲ್ಲ.

ನಮ್ಮದು ಹದಿಮೂರನೆಯ ನಂಬರಿನ ಕೆಳಮಂಚ. ಕೋಣೆಯಲ್ಲಿ ಒಟ್ಟು ಹನ್ನೆರಡು ಮಂಚ. ಒಂದು ಪೆಟ್ಟಿಗೆ ಮಾತ್ರ ಹಿಡಿಯುವ ಲಾಕರಿತ್ತು, ಬೀಗವಿರಲಿಲ್ಲ. ಬೀಗ ಬೇಕಾದರೆ ನೂರು ರೂಪಾಯಿ ಎಂದ ಹುಡುಗ. ಹೋಟೆಲು ನಡೆಸಿದ ನಮಗೆ ಈ ವ್ಯಾಪಾರ ಕಂಡು ನಗು ಬಂತು. ಮನೆಯಿಂದಲೇ ಒಂದು ಸಣ್ಣ ಬೀಗ ಒಯ್ಯುವವನು ಆ ಮಟ್ಟಿಗೆ ಬುದ್ಧಿವಂತ.

ಹಾಸಿಗೆಯನ್ನು ಮುಟ್ಟುವ ಮೊದಲು ನಾವು ಫೋನಿನ ದೀಪ ಹಚ್ಚಿ ಅದರ ಹೊಲಿಗೆಯ ಅಂಚುಗಳನ್ನು ನೋಡಿದೆವು. ತಿಗಣೆಯಿದ್ದಲ್ಲಿ ಹೊಲಿಗೆಯ ಗುಂಟ, ಮಂಚದ ಸಂದಿಗಳಲ್ಲಿ, ಮಸಿಯ ಚುಕ್ಕೆಗಳಂಥ ಕರಿಗುರುತುಗಳು ಕಾಣುತ್ತವೆ. ಖೋಲಿಗಳಲ್ಲಿ ವರ್ಷಗಟ್ಟಲೆ ತಿಗಣೆಯೊಡನೆ ಸಂಸಾರ ಮಾಡಿದ ನಮ್ಮ ಸಪ್ಲಾಯರ್ ಹುಡುಗರಿಗೆ ಇದನ್ನು ಕಲಿಸಬೇಕಾಗಿಲ್ಲ. ಇಲ್ಲಿ ಇರಲಿಲ್ಲ. ಚಾದರ ತೊಳೆದದ್ದಾಗಿತ್ತು, ದಿಂಬು ಮಾತ್ರ ಯಾರದೋ ತಲೆಯೆಣ್ಣೆಯ ಪರಿಮಳವನ್ನು ಉಳಿಸಿಕೊಂಡಿತ್ತು.

ರಾತ್ರಿ ಒಂಬತ್ತಕ್ಕೆ ಕೋಣೆ ತುಂಬತೊಡಗಿತು. ಸೊಲ್ಲಾಪುರದ ಒಬ್ಬ ಚಾದರದ ವ್ಯಾಪಾರಿ. ತಿಂಗಳಿಗೆರಡು ಬಾರಿ ಬರುತ್ತಾನೆ, ಯಾವ ಹಾಸ್ಟೆಲಿನಲ್ಲಿ ನೀರು ಎಷ್ಟು ಹೊತ್ತಿಗೆ ನಿಲ್ಲುತ್ತದೆಂಬುದು ಅವನಿಗೆ ಬಾಯಿಪಾಠ. ನಟನಾಗಬೇಕೆಂದು ಭೋಪಾಲದಿಂದ ಬಂದು ಆರು ವಾರಗಳಾದ ಒಬ್ಬ ಯುವಕ. ಕನ್ನಡಿಯ ಮುಂದೆ ಅವನ ಸರದಿ ಮುಗಿಯುವುದೇ ಇಲ್ಲ. ಇಬ್ಬರು ಪರೀಕ್ಷಾರ್ಥಿಗಳು ಪರದೆಯೊಳಗೆ ಕುಳಿತು ಪಿಸುಮಾತಿನಲ್ಲಿ ಲೆಕ್ಕ ಬಿಡಿಸುತ್ತಿದ್ದರು. ಎಲ್ಲರೂ ಎಲ್ಲರಿಗೂ “ಭಾಯಿ”. ಹೆಸರು ಕೇಳುವವರಿಲ್ಲ, ಜಾತಿ ಕೇಳುವವರಂತೂ ಇಲ್ಲವೇ ಇಲ್ಲ. ನಮ್ಮ ಕೆಲವು ಸಂಘಗಳ ವಸತಿಗಳಲ್ಲಿ ಹಾಸಿಗೆಗೆ ಮೊದಲು ಕೇಳುವ ಪ್ರಶ್ನೆ ಯಾವುದೆಂಬುದನ್ನು ನೆನೆದು ನಾವು ಸುಮ್ಮನಾದೆವು.

ಹತ್ತು ಗಂಟೆಯ ಸುಮಾರಿಗೆ ಎಪ್ಪತ್ತರ ಆಸುಪಾಸಿನ ಹಿರಿಯರೊಬ್ಬರು ಬಂದರು. ಕೈಯಲ್ಲಿ ಒಂದು ಬಟ್ಟೆಯ ಚೀಲ, ಆಸ್ಪತ್ರೆಯ ಕಡತ. ಅವರಿಗೆ ಕೊಟ್ಟದ್ದು ನಮ್ಮ ತಲೆಯ ಮೇಲಿನ ಹದಿನಾಲ್ಕನೆಯ ಮಂಚ. ಏಣಿಯ ಮೊದಲ ಮೆಟ್ಟಿಲಿಗೆ ಕಾಲಿಟ್ಟು, ಮಂಡಿ ಹಿಡಿದುಕೊಂಡು ನಿಂತರು. ಬಾಯಿಂದ ಹೊರಟದ್ದು “ಅಯ್ಯೋ ಯವ್ವಾ” ಎಂಬ ಮಾತು. ಅಷ್ಟು ಸಾಕಾಯಿತು. ಬೀದರ ಜಿಲ್ಲೆಯವರು. ಹೆಂಡತಿಯನ್ನು ಪರೇಲಿನ ಟಾಟಾ ಆಸ್ಪತ್ರೆಗೆ ಸೇರಿಸಿದ್ದರು. ಮಗಳು ತಾಯಿಯ ಬಳಿ ಇದ್ದಳು. ಪರೇಲಿನ ಹತ್ತಿರ ಎಲ್ಲಿಯೂ ಸ್ಥಳ ಸಿಗದೆ, ಯಾರೋ ಹೇಳಿದರೆಂದು ಇಷ್ಟು ದೂರ ಬಂದಿದ್ದರು.

“ನೀವು ಕೆಳಗ ಮಲಗ್ರಿ ಅಂದ್ರ ನಾ ಹ್ಯಾಂಗ್ ಮಲಗ್ಲಿರಿ, ನಿಮ್ಮ ಜಾಗಾ ಅದು” ಎಂದು ಅವರು ಬಹಳ ಸಂಕೋಚಪಟ್ಟುಕೊಂಡರು. ಒತ್ತಾಯದಿಂದ ಅವರನ್ನು ಹದಿಮೂರರಲ್ಲಿ ಮಲಗಿಸಿ ನಾವು ಹದಿನಾಲ್ಕಕ್ಕೆ ಹತ್ತಿದೆವು. ಟಾಟಾ ಆಸ್ಪತ್ರೆಗೆ ಬರುವ ರೋಗಿಗಳಿಗೂ ಅವರ ಜೊತೆಗಾರರಿಗೂ ದಾದರಿನ ಸಂತ ಗಾಡಗೇ ಮಹಾರಾಜ ಧರ್ಮಶಾಲೆಯಂಥ ವಸತಿಗಳಿವೆ. ಅಲ್ಲಿ ಸರದಿ ಕಾಯಬೇಕಾಗಬಹುದು, ಆದರೂ ಆಸ್ಪತ್ರೆಯ ಸಮಾಜಸೇವಾ ವಿಭಾಗದಲ್ಲಿ ಮೊದಲ ದಿನವೇ ವಿಚಾರಿಸಿಡಬೇಕು. ಹಿರಿಯರಿಗೆ ಇದು ಗೊತ್ತಿರಲಿಲ್ಲ. ಮರುದಿನ ಬೆಳಿಗ್ಗೆ ಒಂದು ಚೀಟಿಯಲ್ಲಿ ಬರೆದುಕೊಟ್ಟೆವು.

ಮೇಲಿನ ಮಂಚದಿಂದ ಮಾಡು ಒಂದು ಮೊಳದಷ್ಟೇ ದೂರ. ದೀಪವಾರಿತು. ಮೊದಲು ಗೊರಕೆ, ಆಮೇಲೆ ಯಾರದೋ ಫೋನಿನ ಗಂಟೆ, ನಡುರಾತ್ರಿ ಕಳೆದ ಮೇಲೆ ಪ್ಲಾಸ್ಟಿಕ್ ಚೀಲ ಬಿಚ್ಚುವ ಸರಸರ ಸದ್ದು. ಸಾಮೂಹಿಕ ಕೋಣೆಯಲ್ಲಿ ಮಲಗಿದವರೆಲ್ಲ ಶಪಿಸುವುದು ಗೊರಕೆಗಿಂತಲೂ ಆ ಪ್ಲಾಸ್ಟಿಕ್ ಚೀಲವನ್ನೇ ಎಂದು ಸೊಲ್ಲಾಪುರದವನು ಹೇಳಿದ್ದು ನಿಜ. ಇವೆಲ್ಲವನ್ನೂ ಸಹಿಸಿದೆವು. ನಿದ್ದೆ ಕೆಡಿಸಿದ್ದು ಬೇರೆಯೇ ಒಂದು ಸಂಗತಿ. ಆ ಎತ್ತರದಿಂದ ಬಾಗಿಲು ಕಾಣುತ್ತಿರಲಿಲ್ಲ. ಇದ್ದದ್ದು ಒಂದೇ ಬಾಗಿಲು. ಕಿಟಕಿಗೆ ಕಬ್ಬಿಣದ ಜಾಲರಿ. ಹನ್ನೆರಡು ಮಂದಿ, ಹನ್ನೆರಡು ಪರದೆ, ಮಂಚಮಂಚಕ್ಕೂ ಬೆಚ್ಚಗಾಗುತ್ತಿರುವ ಫೋನಿನ ತಂತಿ. ಏನಾದರೂ ಆದರೆ ಇಲ್ಲಿಂದ ಇಳಿಯುವುದು ಹೇಗೆ?

2017ರ ಡಿಸೆಂಬರ್ 18ರ ಬೆಳಗಿನ ಜಾವ, ಇದೇ ಅಂಧೇರಿಯ ಪಕ್ಕದ ಸಾಕಿನಾಕಾದಲ್ಲಿ, ಖೈರಾನಿ ರಸ್ತೆಯ ಒಂದು ಫರಸಾಣ ಅಂಗಡಿಗೆ ಬೆಂಕಿ ಬಿತ್ತು. ಒಳಗೆ ಮಲಗಿದ್ದ 12 ಮಂದಿ ಕೆಲಸಗಾರರು ಸತ್ತರು. ಹನ್ನೊಂದು ದಿನ ಕಳೆದು, 29ರಂದು, ಲೋಅರ್ ಪರೇಲಿನ ಕಮಲಾ ಮಿಲ್ ಆವರಣದ ಉಪಾಹಾರ ಮಂದಿರದ ಬೆಂಕಿಯಲ್ಲಿ 14 ಮಂದಿ ಸತ್ತರು. ಎರಡನೆಯದನ್ನು ಈ ನಗರ ಇಂದಿಗೂ ಮರೆತಿಲ್ಲ. ಮೊದಲನೆಯದು ಎಷ್ಟು ಮಂದಿಗೆ ನೆನಪಿದೆಯೋ! ಸತ್ತವರು ದುಡಿದು ದಣಿದು ದುಡಿದಲ್ಲಿಯೇ ಮಲಗಿದ್ದವರು. ಆ ಡಿಸೆಂಬರಿನ ತರುವಾಯ ಮಹಾನಗರಪಾಲಿಕೆಯವರು ಹೋಟೆಲು ಹೋಟೆಲು ತಿರುಗಿ ತಪಾಸಣೆ ನಡೆಸಿದರು. ಹೊರಗಿನವರನ್ನು ರಾತ್ರಿ ಮಲಗಿಸುವ ರೂಢಿಯನ್ನು ನಮ್ಮ ಕಡೆಯ ಅನೇಕ ಮಾಲಿಕರು ನಿಲ್ಲಿಸಿದ್ದು ಆಗಿನಿಂದಲೇ. ಮೇಲೆ ಹೇಳಲಿರುವೆವೆಂದ ಕಾರಣ ಇದೇ.

ಇಲ್ಲಿ ನಮ್ಮದೇ ಒಂದು ಸಂಗತಿಯನ್ನು ಬರೆಯದಿದ್ದರೆ ಈ ಲೇಖನ ಅರ್ಧ ಸುಳ್ಳಾದೀತು. ನಮ್ಮ ಹೋಟೆಲಿನಲ್ಲಿಯೂ ಅಡುಗೆಮನೆಯ ಮೇಲೆ ಹಲಗೆಯ ಒಂದು ಅಟ್ಟವಿತ್ತು. ಏರಲು ಒಂದೇ ಏಣಿ. ಅದರ ಬುಡದಲ್ಲಿ ಗ್ಯಾಸಿನ ಸಿಲಿಂಡರುಗಳು. ಎಂಟು ಮಂದಿ ಅಲ್ಲಿ ಮಲಗುತ್ತಿದ್ದರು. ರಾತ್ರಿ ಹಣ ಎಣಿಸಿ ಮುಗಿದ ಮೇಲೆ ನಾವು ಶಟರನ್ನು ಎಳೆದು ಹೊರಗಿನಿಂದ ಬೀಗ ಹಾಕಿ, ಬೀಗದ ಕೈಯನ್ನು ಅಂಗಿಯ ಕಿಸೆಯಲ್ಲಿಟ್ಟುಕೊಂಡು ಮನೆಗೆ ಹೋಗುತ್ತಿದ್ದೆವು. ಕಳ್ಳರ ಭಯ ಎಂದು ಹೇಳುತ್ತಿದ್ದೆವು. ಗಲ್ಲೆ ಬರಿದಾಗಿರುತ್ತಿತ್ತು, ಹಣ ನಮ್ಮ ಚೀಲದಲ್ಲಿರುತ್ತಿತ್ತು. ಹಾಗಾದರೆ ಯಾವ ಕಳ್ಳನ ಭಯ? ಒಳಗಿನವರು ರಾತ್ರಿ ಹೊರಗೆ ಹೋಗಿ ಬೆಳಿಗ್ಗೆ ಕೆಲಸಕ್ಕೆ ತಡಮಾಡಬಾರದೆಂಬುದೇ ನಿಜವಾದ ಕಾರಣ. ಹಲವು ವರ್ಷ ಹೀಗೆಯೇ ನಡೆಯಿತು. ಏನೂ ಆಗಲಿಲ್ಲವೆಂಬುದು ನಮ್ಮ ಅದೃಷ್ಟ. ಅದರಲ್ಲಿ ನಮ್ಮ ಹೆಚ್ಚುಗಾರಿಕೆ ಯಾವುದೂ ಇಲ್ಲ. 682 ರೂಪಾಯಿ 50 ಪೈಸೆ ಕೊಟ್ಟು ಒಂದು ರಾತ್ರಿ ಮೇಲಿನ ಮಂಚದಲ್ಲಿ ಮಲಗಿದ ನಾವು ಎರಡನೆಯ ಬಾಗಿಲು ಎಲ್ಲಿದೆಯೆಂದು ಹುಡುಕಿದೆವು. ಆ ಎಂಟು ಮಂದಿಗೆ ಒಂದು ಬಾಗಿಲೂ ಇರಲಿಲ್ಲ.

1867ರಲ್ಲಿ ಆಗಿನ ಸರಕಾರವು ಸರಾಯಿ ಕಾಯಿದೆಯೆಂಬ ಒಂದು ಕಾಯಿದೆ ಮಾಡಿತ್ತು. (ಸರಾಯಿಯೆಂದರೆ ಪ್ರಯಾಣಿಕರ ತಂಗುಮನೆ, ದೀರ್ಘವನ್ನು ಹಿಂದಕ್ಕೆಳೆದು ಬೇರೆ ಅರ್ಥ ಮಾಡಿಕೊಳ್ಳಬಾರದು.) ತಂಗುಮನೆಯವನು ಕೋಣೆ, ಜಗಲಿ, ಚರಂಡಿ, ಬಾವಿಗಳನ್ನು ಶುಚಿಯಾಗಿಡಬೇಕು, ಬಾಗಿಲು ಗೋಡೆ ಮಾಡುಗಳನ್ನು ದುರಸ್ತಿಯಲ್ಲಿಡಬೇಕು, ದರದ ಪಟ್ಟಿಯನ್ನು ತೂಗುಹಾಕಬೇಕು, ತಂಗಿದವರ ರಕ್ಷಣೆಗೆ ಬೇಕಾದಷ್ಟು ಕಾವಲುಗಾರರನ್ನು ಇಡಬೇಕು ಎಂದು ಅದರಲ್ಲಿ ವಿಧಿಸಿದೆ. ಎತ್ತಿನ ಗಾಡಿಯ ಕಾಲದ ಕಾನೂನಾದರೂ ಅದನ್ನು ಬರೆದವನಿಗೆ ಒಂದು ವಿಷಯ ತಿಳಿದಿತ್ತು. ತಂಗಲು ಬಂದವನು ನಿದ್ದೆಹೋಗಬೇಕಾದರೆ ಬೇರೊಬ್ಬನು ಎಚ್ಚರವಾಗಿರಬೇಕು.

ಬೆಳಿಗ್ಗೆ ಆರಕ್ಕೆ ಸ್ನಾನದ ಮನೆಯ ಮುಂದೆ ಏಳು ಮಂದಿ. ಸೊಲ್ಲಾಪುರದವನು ಐದಕ್ಕೇ ಮುಗಿಸಿ ಟವಲು ಒಣಗಿಸುತ್ತಿದ್ದ. ಉಪಾಹಾರವೆಂದು ಕೊಟ್ಟ ಬ್ರೆಡ್ಡು ಬೆಣ್ಣೆಯ ವಿಷಯದಲ್ಲಿ ಮಾಜಿ ಹೋಟೆಲಿಗರಾದ ನಾವು ಅಭಿಪ್ರಾಯ ಕೊಡದಿರುವುದೇ ಸಭ್ಯತೆ. ಅದೇ ಮೇಜಿನ ಬಳಿ, ಹೆಂಗಸರ ಕೋಣೆಯಲ್ಲಿ ತಂಗಿದ್ದ ಬೆಳಗಾವಿಯ ಒಬ್ಬ ದಾದಿಯ ಪರಿಚಯವಾಯಿತು. ವಿದೇಶದ ಕೆಲಸದ ಕಾಗದಪತ್ರಗಳಿಗಾಗಿ ಬಂದವಳು. “ನಾನು ದರ ನೋಡುವುದಕ್ಕೆ ಮೊದಲು ಒಂದೇ ವಿಷಯ ಕೇಳ್ತೀನಿ ಸರ್. ಹೆಂಗಸರ ಶೌಚಾಲಯ ನಮ್ಮ ಕೋಣೆಯ ಒಳಗಿದೆಯೋ, ಓಣಿಯ ಆ ತುದಿಯಲ್ಲಿದೆಯೋ ಅಂತ. ಓಣಿಯ ತುದಿಯಲ್ಲಿದ್ದರೆ ರಾತ್ರಿ ನೀರು ಕುಡಿಯೋದನ್ನೇ ಬಿಡಬೇಕಾಗುತ್ತೆ” ಎಂದಳು. ಈ ಮಾತು ನಮಗೆ ಹೊಳೆದೇ ಇರಲಿಲ್ಲ.

ಎರಡನೆಯ ರಾತ್ರಿಗೆ ಮುಂಚೆ ನಾವು ಗಲ್ಲೆಯ ತರುಣನನ್ನು ಹಿಂಬಾಗಿಲು ತೋರಿಸೆಂದು ಕೇಳಿದೆವು. ಅವನು ಬೆರಗಾಗಿ, ಇದುವರೆಗೆ ಯಾರೂ ಕೇಳಿಲ್ಲವೆಂದ. ಓಣಿಯ ಕೊನೆಯಲ್ಲಿ ಇತ್ತು. ಅದರ ಮುಂದೆ ಮುರಿದ ಎರಡು ಮಂಚ, ಹಳೆಯ ಹಾಸಿಗೆಗಳ ರಾಶಿ. ಬೀಗದ ಕೈ ಹುಡುಕಲು ಹತ್ತು ನಿಮಿಷ ಬೇಕಾಯಿತು. ಅವನಿಗೆ ಬೈಯಲು ನಮಗೆ ನಾಲಿಗೆ ಬರಲಿಲ್ಲ. ಇಬ್ಬರೂ ಸೇರಿ ಆ ರಾಶಿಯನ್ನು ಬದಿಗೆ ಸರಿಸಿದೆವು. ಬೀಗ ತೆಗೆದು ಒಳಗಿನಿಂದ ಚಿಲಕ ಮಾತ್ರ ಹಾಕಿಡಲು ಅವನ ಮಾಲಿಕನಿಗೆ ಫೋನು ಮಾಡಿ ಒಪ್ಪಿಸಿದೆವು. ಮಾಲಿಕ ಒಪ್ಪಿದ್ದು ಪತ್ರಿಕೆಯ ಹೆಸರು ಕೇಳಿದ ಮೇಲೆ. ಆ ರಾತ್ರಿ ಗೊರಕೆ ಮೊದಲಿನಷ್ಟೇ ಇದ್ದರೂ ನಮಗೆ ನಿದ್ದೆ ಬಂತು. ಹದಿಮೂರರ ಹಿರಿಯರು ಅಂದು ಬರಲಿಲ್ಲ. ಪರೇಲಿನ ಹತ್ತಿರವೇ ಸ್ಥಳ ಸಿಕ್ಕಿತೆಂದು ನಂಬಿರುವೆವು.

ಇದಕ್ಕಿಂತ ಬೇರೆ ದಾರಿಗಳೂ ಇಲ್ಲದಿಲ್ಲ. ಕೈಯಲ್ಲಿ ಖಚಿತವಾದ ಅಥವಾ ಆರ್.ಎ.ಸಿ. ಟಿಕೇಟು ಇದ್ದವರಿಗೆ ರೈಲ್ವೆಯ ವಿಶ್ರಾಂತಿ ಕೊಠಡಿಗಳಿವೆ. ದೊಡ್ಡ ನಿಲ್ದಾಣಗಳಲ್ಲಿ ಸಾಮೂಹಿಕ ಕೋಣೆಯ ಹಾಸಿಗೆಯೂ ಸಿಗುತ್ತದೆ. ಮುಂಬಯಿ ಸೆಂಟ್ರಲ್ ನಿಲ್ದಾಣದಲ್ಲಿ 2021ರ ನವೆಂಬರದಲ್ಲಿ 48 ಗೂಡುಗಳ ಒಂದು ವಸತಿ ತೆರೆಯಿತು. ಆರಂಭದ ದರ 12 ಗಂಟೆಗೆ 999 ರೂಪಾಯಿ. ಈ ಗೂಡಿನ ಕಲ್ಪನೆ ಜಪಾನಿನದು. 1979ರಲ್ಲಿ ಒಸಾಕಾ ನಗರದಲ್ಲಿ ಮೊದಲನೆಯದು ಹುಟ್ಟಿತು. ಕಚೇರಿಯಲ್ಲಿ ತಡವಾಗಿ ಕೊನೆಯ ರೈಲು ತಪ್ಪಿಸಿಕೊಂಡ ಗುಮಾಸ್ತರೇ ಅದಕ್ಕೆ ಆಧಾರ. ರಾತ್ರಿಯ ಕೊನೆಯ ಲೋಕಲ್ ಹಿಡಿಯಲು ಓಡಿದ ನಮ್ಮ ಗುಮಾಸ್ತ ಬಂಧುಗಳಿಗೆ ಅವರ ಕಷ್ಟವನ್ನು ವಿವರಿಸಬೇಕಾಗಿಲ್ಲ.

ಐದನೆಯ ದಿನ ಭಟ್ಟರು ಬಂದರು. ಕಳಿಸಿ ಎಂದೆವು. ಸಣ್ಣ ಬೀಗ ಕೊಡಿ, ಟವಲು ಕೊಡಿ, ಕೆಳಗಿನ ಮಂಚ ಕೇಳಲಿ, ಐದಕ್ಕೇ ಸ್ನಾನ ಮುಗಿಸಲಿ, ಮೊದಲ ದಿನವೇ ಹಿಂಬಾಗಿಲು ನೋಡಿಟ್ಟುಕೊಳ್ಳಲಿ ಎಂದೆಲ್ಲ ಹೇಳಿದೆವು. ಹೇಳುತ್ತ ಹೇಳುತ್ತ ಆ ಅಟ್ಟದ ಮಾತೂ ಹೊರಬಂತು. ಭಟ್ಟರೇ, ನಿಮ್ಮನ್ನು ಒಳಗಿಟ್ಟು ಬೀಗ ಹಾಕಿದ್ದು ತಪ್ಪಾಯಿತು ಎಂದೆವು.

ಭಟ್ಟರು ಸ್ವಲ್ಪ ಹೊತ್ತು ಮಾತನಾಡಲಿಲ್ಲ. ಆಮೇಲೆ, “ಪಾತ್ರೆ ತೊಳೆಯುವ ಮೋರಿಯ ಮೇಲಿನ ಕಿಟಕಿಗೆ ಜಾಲರಿ ಇತ್ತಲ್ಲ ಧನಿ, ಅದರ ನಾಲ್ಕೂ ಮೊಳೆ ನಾವು ಬಿಚ್ಚಿಟ್ಟಿದ್ದೆವು. ಬೆಳಿಗ್ಗೆ ನೀವು ಬರುವ ಮೊದಲು ತಿರುಗಿ ಒತ್ತಿ ನಿಲ್ಲಿಸುತ್ತಿದ್ದೆವು. ಮೊದಲ ವರ್ಷವೇ ಮಾಡಿಕೊಂಡ ಕೆಲಸ ಅದು. ನಿಮಗೆ ಹೇಳಿದರೆ ಬೈಯುತ್ತೀರಿ ಅಂತ ಹೇಳಲಿಲ್ಲ” ಎಂದರು.

ಹುಡುಗ ಬಂದ, ಎರಡು ರಾತ್ರಿ ತಂಗಿದ, ಮತ್ಸ್ಯಗಂಧಾ ರೈಲಿನಲ್ಲಿ ಹಿಂದಿರುಗಿದ. ಕೆಳಗಿನ ಮಂಚ ಸಿಗಲಿಲ್ಲವಂತೆ. ಹಿಂಬಾಗಿಲಿಗೆ ಚಿಲಕ ಮಾತ್ರ ಇತ್ತಂತೆ, ಮುರಿದ ಮಂಚಗಳನ್ನು ಮಾತ್ರ ಯಾರೋ ತಿರುಗಿ ಅಲ್ಲಿಗೇ ತಂದು ನಿಲ್ಲಿಸಿದ್ದರಂತೆ. ನಾಳೆ ಆ ಕಡೆ ಹೋಗುವ ಕೆಲಸವಿದೆ. ಮಾಲಿಕರನ್ನು ಮತ್ತೊಮ್ಮೆ ಕಾಣಲಿರುವೆವು.